ಗಂಧರ್ವನ ಕಾಲು

ಹೊಲಿಗೆ ಯಂತ್ರದ ಎಣ್ಣೆಗೆ ಒಂದು ವಾಸನೆಯಿದೆ. ಹೇಳಿಕೊಳ್ಳುವಂಥದ್ದೇನಲ್ಲ. ಸೀಮೆಎಣ್ಣೆಯಷ್ಟು ಮೂಗಿಗೆ ಹೊಡೆಯುವುದಿಲ್ಲ, ಹರಳೆಣ್ಣೆಯಷ್ಟು ಹೊತ್ತು ಉಳಿಯುವುದೂ ಇಲ್ಲ. ಹೋದ ತಿಂಗಳು ಒಂದು ಖಾತೆಯ ಕೆಲಸಕ್ಕೆಂದು ಅಜ್ಜಂಪುರಕ್ಕೆ ಹೋಗಿದ್ದೆ. ತಾಲ್ಲೂಕು ಕಚೇರಿಯಲ್ಲಿ “ಊಟ ಆದ್ಮೇಲೆ ಬನ್ನಿ” ಎಂದರು. ಹೊತ್ತು ಕಳೆಯಲು ಬಸ್ ನಿಲ್ದಾಣದ ಪಕ್ಕದ ದರ್ಜಿ ಅಂಗಡಿಯಲ್ಲಿ ಚೀಲದ ಹರಿದ ಹಿಡಿ ಹೊಲಿಸುತ್ತ ಕುಳಿತೆ. ದರ್ಜಿ ಉದ್ದ ಮೂತಿಯ ಎಣ್ಣೆಡಬ್ಬಿ ಎತ್ತಿ ಯಂತ್ರದ ಸಂದಿಗೆ ಒಂದೆರಡು ಹನಿ ಬಿಟ್ಟ. ಅಷ್ಟೇ. ಕಡೂರಿನ ನಮ್ಮ ಮನೆಯ ಹಿತ್ತಿಲ ಕಟ್ಟೆ, ಅದರ ಮೇಲೆ ಕಾಲು ಮಡಿಸಿ ಕುಳಿತ ಅತ್ತಿಗೆ, ಅವರ ಮಡಿಲಲ್ಲಿ ಗಾಲಿ ಮೇಲಾಗಿ ಮಲಗಿದ ಎರಡು ಸ್ಕೇಟುಗಳು…

ಮಡಿಲಲ್ಲಿ ಎಂದೆ. ನಿಜಕ್ಕೂ ಮಡಿಲಲ್ಲಿದ್ದವೋ, ಹಳೆಯ ಪತ್ರಿಕೆ ಹಾಸಿ ಕಟ್ಟೆಯ ಮೇಲಿಟ್ಟುಕೊಂಡಿದ್ದರೋ? ಸೀರೆಗೆ ಎಣ್ಣೆ ಕಲೆ ಮಾಡಿಕೊಳ್ಳುವಂಥ ಹೆಂಗಸಲ್ಲ ಅವರು. ಆದರೂ ನನ್ನ ಕಣ್ಣಿಗೆ ಕಾಣುವುದು ಮಡಿಲೇ. ನೆನಪು ಎನ್ನುವುದು ತನಗೆ ಚೆಂದ ಕಂಡ ಕಡೆ ಸಾಮಾನು ಜೋಡಿಸಿಡುತ್ತದೆ. ಈ ಲೇಖನವನ್ನು ಓದುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಏಕೆಂದರೆ ನಾನು ಹೇಳಹೊರಟಿರುವ ಸಂಗತಿಗೆ ನನ್ನ ಕಣ್ಣೊಂದನ್ನು ಬಿಟ್ಟು ಬೇರೆ ಸಾಕ್ಷಿಯಿಲ್ಲ. ಆ ಕಣ್ಣನ್ನೂ ನಂಬಬೇಡವೆಂದು ನನಗೆ ಹೇಳಿದವರು ಅದೇ ಅತ್ತಿಗೆ.

ಅತ್ತಿಗೆ ಎಂದರೆ ಅಣ್ಣನ ಹೆಂಡತಿಯಲ್ಲ. ನನಗೆ ಅಣ್ಣನೇ ಇರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ ಸಂಚಾರಿ ನಾಟಕ ಕಂಪನಿಯೊಂದು ಅಜ್ಜಂಪುರದ ಮೊಕ್ಕಾಂ ಮುಗಿಸಿ ಕಡೂರಿಗೆ ಬಂದು ತಗಡಿನ ಥಿಯೇಟರು ಕಟ್ಟಿತು. ಕಂಪನಿಯ ಮುಖ್ಯ ನಟರು ಮತ್ತು ಅವರ ಹೆಂಡತಿ ನಮ್ಮ ಮನೆಯ ಬೀದಿ ಕಡೆಯ ಕೋಣೆಯನ್ನು ಬಾಡಿಗೆಗೆ ಹಿಡಿದರು. ನಾನಾಗ ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಪರೀಕ್ಷೆ ಬರೆದು ಬಂದು, ಫಲಿತಾಂಶಕ್ಕೆ ಕಾಯುತ್ತ, ಸಿಕ್ಕವರೊಡನೆಲ್ಲ ವಾದ ಹೂಡಿಕೊಂಡು ತಿರುಗುತ್ತಿದ್ದೆ. ಅಪ್ಪನ ಜೊತೆ ಮಠದ ಬಗ್ಗೆ, ಅಮ್ಮನ ಜೊತೆ ಸೋಮವಾರದ ಉಪವಾಸದ ಬಗ್ಗೆ, ಯಾರೂ ಸಿಗದಿದ್ದರೆ ಕ್ಷೌರದಂಗಡಿಯಲ್ಲಿ ಗ್ರಹಣದ ಬಗ್ಗೆ. ಎಲ್ಲೂ ಹೆಚ್ಚು ಹೊತ್ತು ಕೂರಲಾಗುತ್ತಿರಲಿಲ್ಲ.

ಅಮ್ಮನಿಗೆ ಬಾಡಿಗೆದಾರರು ಮೊದಲು ಸರಿಬರಲಿಲ್ಲ. “ನಾಟ್ಕದೋರ್ಗೆ ಮನೆ ಕೊಟ್ರೆ ನಾಳೆ ಇವನ್ಗೆ ಹೆಣ್ಣು ಕೊಡೋರು ಏನಂತಾರೆ?” ಎಂದು ಅಪ್ಪನನ್ನು ಕೇಳಿದ್ದಳು. ಆದರೆ ನಟರ ಹೆಂಡತಿ ಬಂದ ಮಾರನೆಯ ಬೆಳಿಗ್ಗೆಯೇ ಹಿತ್ತಿಲಿಗೆ ಬಂದು, “ಅಮ್ಮಾ, ರಾಗಿ ಬೀಸೋದಿದ್ರೆ ಕೊಡಿ, ಕೂತ್ಕೊಂಡ್ ಕೂತ್ಕೊಂಡ್ ಬೇಜಾರು” ಎಂದರು. ಅಲ್ಲಿಂದ ಅಮ್ಮ ನಟರನ್ನು ‘ನಮ್ ಹುಡುಗ’ ಎನ್ನತೊಡಗಿದಳು. ಅವರು ನನಗೆ ಅಣ್ಣನಾದರು, ಆಕೆ ಅತ್ತಿಗೆಯಾದರು.

ಊರಿನವರ ಪಾಲಿಗೆ ಅಣ್ಣ ಗಂಧರ್ವ. ಕಂಪನಿಯ ಆ ಪೌರಾಣಿಕ ನಾಟಕದಲ್ಲಿ ಗಂಧರ್ವನೊಬ್ಬ ಭೂಮಿಯ ಹುಡುಗಿಯನ್ನು ಕಂಡು ಮರುಳಾಗುತ್ತಾನೆ. ಗಂಧರ್ವ ಅಷ್ಟುದ್ದ ಹಾಡಿ, ಮಾತಾಡಿ, ರಂಗದ ಪಕ್ಕಕ್ಕೆ ಸರಿಯುತ್ತಿದ್ದ. ದೀಪಗಳು ನೀಲಿಗೆ ತಿರುಗುತ್ತಿದ್ದವು. ಸಾಂಬ್ರಾಣಿ ಹೊಗೆ ಏಳುತ್ತಿತ್ತು. ಹಾರ್ಮೋನಿಯಂ ಒಂದೇ ಧಾಟಿಯನ್ನು ಸುತ್ತಿ ಸುತ್ತಿ ನುಡಿಯುತ್ತಿರಲು, ಹಣೆಗೆ ಮುತ್ತಿನ ಜಾಲರಿ, ಮೀಸೆ, ನೆಲ ಗುಡಿಸುವ ನಿಲುವಂಗಿಯ ಗಂಧರ್ವ ಹೊಗೆಯೊಳಗಿಂದ ತೇಲಿ ಬರುತ್ತಿದ್ದ. ನಡೆದು ಬರುತ್ತಿರಲಿಲ್ಲ… ತೇಲಿ. ಭುಜ ಏರಿಳಿಯುತ್ತಿರಲಿಲ್ಲ. ರಂಗದ ಅಂಚಿನವರೆಗೆ ಬಂದು, ಇನ್ನೇನು ಕೆಳಗೆ ಬಿದ್ದ ಎನ್ನುವಷ್ಟರಲ್ಲಿ ಮೈ ಬಳುಕಿಸದೆ ಹಿಂದಕ್ಕೆ ತಿರುಗಿ, ಬೆನ್ನು ಮುಂದಾಗಿ ಅದೇ ವೇಗದಲ್ಲಿ ಹಿಂದೆ ಹಿಂದೆ ಸರಿದು ಹೊಗೆಯಲ್ಲಿ ಕರಗುತ್ತಿದ್ದ. ಆ ದೃಶ್ಯದಲ್ಲಿ ಒಂದು ಮಾತಿಲ್ಲ, ಒಂದು ಹಾಡಿಲ್ಲ. ಯಗಟಿಯಿಂದ ಬಸ್ಸು ಹತ್ತಿ ಬಂದವರು ಅದೊಂದಕ್ಕೇ ಬರುತ್ತಿದ್ದರು.

“ದೇವತೆಗಳ ಕಾಲು ನೆಲಕ್ಕೆ ತಾಗಲ್ಲ ಅಂತಾರಲ್ಲ, ಇದ್ನೇ ಕಣೋ ಅನ್ನೋದು,” ಎಂದಳು ಅಮ್ಮ ಮೊದಲ ಸಲ ನೋಡಿ ಬಂದು.

“ಅದು ಗಾಲಿ ಅಮ್ಮ. ಕಾಲಿಗೆ ಗಾಲಿ ಕಟ್ಟಿದ್ದಾರೆ. ಸ್ಕೇಟಿಂಗ್ ಅಂತಾರೆ.”

“ಗಾಲಿ ಎತ್ತಿನ್ ಗಾಡಿಗೂ ಅವೆ. ಅದೂ ಹಿಂಗೇ ತೇಲುತ್ತೇನೋ?”

ಇಡೀ ಕಡೂರಿನಲ್ಲಿ ಗಾಲಿಯನ್ನು ಪತ್ತೆ ಹಚ್ಚಿದವನು ನಾನೊಬ್ಬನೇ ಎಂಬ ಹೆಮ್ಮೆ ನನಗಿತ್ತು. ನಂಬಿಕೆಯ ಒಂದು ಪದರ ಕಿತ್ತವನಿಗೆ ಅಡಿಯಲ್ಲಿ ಇನ್ನೊಂದು ಪದರ ಇರಬಹುದೆಂದು ಹೊಳೆಯುವುದಿಲ್ಲ. ಇದನ್ನು ಬಹಳ ತಡವಾಗಿ ಕಲಿತೆ.

ಸ್ಕೇಟುಗಳನ್ನು ಹತ್ತಿರದಿಂದ ನೋಡಿದ್ದು ಹಿತ್ತಿಲ ಕಟ್ಟೆಯ ಮೇಲೆಯೇ. ಅತ್ತಿಗೆ ಗಾಲಿ ಬಿಚ್ಚಿ, ಒಳಗಿನ ಗುಂಡುಗಳನ್ನು ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಕಿವಿಯ ಹತ್ತಿರ ಹಿಡಿದು ತಿರುಗಿಸಿ ಕೇಳುತ್ತಿದ್ದರು. ಅಣ್ಣ ಅವುಗಳನ್ನು ಮುಟ್ಟಿದ್ದನ್ನು ನಾನು ಕಂಡಿಲ್ಲ. ಅದರಲ್ಲಿ ನನಗೆ ವಿಶೇಷವೇನೂ ಅನ್ನಿಸಲಿಲ್ಲ. ಗಂಡನ ಜೋಡನ್ನು ಹೆಂಡತಿ ಒರೆಸಿಡುವುದು ನಮ್ಮೂರಲ್ಲಿ ಯಾರೂ ಎರಡನೆಯ ಸಲ ತಿರುಗಿ ನೋಡುವ ಸಂಗತಿಯಾಗಿರಲಿಲ್ಲ. ನಾನೂ ನೋಡಲಿಲ್ಲ, ವಿಶ್ವವಿದ್ಯಾನಿಲಯದಿಂದ ಬಂದವನು.

ಅತ್ತಿಗೆಯ ತಂದೆ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಸಾಹೇಬರ ಕ್ಲಬ್ಬೊಂದರ ಮರದ ನೆಲಕ್ಕೆ ಮೇಣ ಹಾಕಿ ತಿಕ್ಕುವ ಕೆಲಸದಲ್ಲಿದ್ದರಂತೆ. ದೊರೆಗಳು ಹೋದಮೇಲೂ ಆ ನೆಲ, ಹಳೆಯ ಸ್ಕೇಟುಗಳು ಉಳಿದಿದ್ದವಂತೆ. ಕಂಪನಿ ಅಲ್ಲಿ ಮೊಕ್ಕಾಂ ಮಾಡಿದಾಗ ಅಣ್ಣ ಆಕೆಯನ್ನು ಕಂಡು ಮದುವೆಯಾದದ್ದು. “ನಿಮ್ಮಣ್ಣ ನಮ್ಮಪ್ಪನ ಹತ್ರಾನೇ ಕಲ್ತಿದ್ದು,” ಎಂದರು. ನಾನು ನಂಬಿದೆ. ಅಣ್ಣನನ್ನು ಒಮ್ಮೆ ಹಜಾರದಲ್ಲಿ ತೋರಿಸಿ ಎಂದು ಕೇಳಿದರೆ, “ಕಾಲು ಉಳುಕೈತೆ ಕಣಪ್ಪ” ಎಂದೋ, “ನಿಮ್ಮ ಕಡಪ ಕಲ್ಲಿಗೆ ಗಾಲಿ ಹಾಳಾಗ್ತವೆ” ಎಂದೋ ಜಾರಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ. ಕಂಠ ಚೆನ್ನಾಗಿತ್ತು. ಸ್ನಾನಕ್ಕೆ ಹೋದರೆ ಬೀದಿಗೆಲ್ಲ ಹಾಡು ಕೇಳುತ್ತಿತ್ತು.

ನೋಡುವುದನ್ನು ನನಗೆ ಕಲಿಸಿದವರು ಅತ್ತಿಗೆ. “ಜನ ಮೀಸೆ ನೋಡ್ತಾರೆ, ಕಿರೀಟ ನೋಡ್ತಾರೆ. ನೀನು ಅಂಗಿ ಅಂಚು ನೋಡು,” ಎಂದರು. ಎಣ್ಣೆ ಬೆರಳನ್ನು ಕಟ್ಟೆಯ ಕಲ್ಲಿನ ಮೇಲೆ ಎಳೆದು ಒಂದು ಮೀನಿನ ಆಕಾರ ಬರೆದರು. ಎರಡು ಕಾಲೂ ಒಟ್ಟಿಗೆ ಹೊರಕ್ಕೆ ಅಗಲಿ, ಮತ್ತೆ ಒಟ್ಟಿಗೆ ಒಳಕ್ಕೆ ಕೂಡಬೇಕು. ಗಾಲಿಯ ಒಳ ಅಂಚು ನೂಕುತ್ತದೆ, ಹೊರ ಅಂಚು ಎಳೆದುಕೊಳ್ಳುತ್ತದೆ. ಪಾದ ಎತ್ತುವ ಹಾಗೇ ಇಲ್ಲ.

“ಕಾಲು ಎತ್ತಿದ್ರೆ ಮನುಷ್ಯ ಕಣಪ್ಪ. ಎತ್ತದೇ ಹೋದ್ರೆ ದೇವ್ರು. ಅಷ್ಟೇ ವ್ಯತ್ಯಾಸ.”

“ರಂಗದ ಅಂಚಿನಲ್ಲಿ ತಿರುಗೋದು ಹೇಗೆ ಅತ್ತಿಗೆ? ಅಲ್ಲಿ ಬೀಳಬೇಕಲ್ಲ.”

“ಅಲ್ಲಿ ಒಂಟಿಗಾಲು. ಮುಂದ್ಕೆ ಹೋಗ್ತಾ ಹೋಗ್ತಾನೇ ಆ ಕಾಲ್ಮೇಲೇ ಹಿಂದ್ಕೆ ತಿರುಗ್ಬೇಕು. ಸೊಂಟ ಮೊದ್ಲು ತಿರುಗ್ಬುಡ್ತಂದ್ರೆ ಕೆಟ್ಟೆ. ತಿರುಗಿದ್ಮೇಲೆ ವೇಗ ಕಮ್ಮಿ ಆಯ್ತಂದ್ರೂ ಕೆಟ್ಟೆ. ಹಾರೋದು, ಬುಗುರಿ ತಿರುಗೋದು ಎಲ್ಲಾ ಸರ್ಕಸ್‌ನೋರು ಮಾಡ್ತಾರೆ. ಇದು ಮಾಡೋರು ಕಮ್ಮಿ.”

ರಂಗದ ಹಲಗೆಗಳನ್ನು ಅಡ್ಡ ಹಾಕದೆ ಉದ್ದಕ್ಕೆ ಹಾಕಿಸಬೇಕು, ಸಂದುಗಳಿಗೆ ಮೇಣ ತುಂಬಿಸಬೇಕು ಎಂದು ಬಡಗಿಗೆ ಹೇಳಿಸುತ್ತಿದ್ದುದೂ ಅವರೇ. ಇದನ್ನೆಲ್ಲ ಹೇಳುವಾಗ ಅವರ ಕಣ್ಣಲ್ಲಿ ಏನೋ ಇರುತ್ತಿತ್ತು ಎಂದು ಬರೆಯಲು ಕೈ ಓಡುತ್ತಿದೆ. ಬರೆಯುವುದಿಲ್ಲ. ಆಗ ಅದು ಕಂಡಿತ್ತೋ, ಆಮೇಲೆ ಸೇರಿಕೊಂಡಿತೋ ನನಗೆ ಗೊತ್ತಿಲ್ಲ.

ನಾಟಕ ಕಡೂರಿನಲ್ಲಿ ಚೆನ್ನಾಗಿ ಓಡಿತು. ಅಷ್ಟರಲ್ಲಿ ಊರಿನ ಕೊಬ್ಬರಿ ವರ್ತಕರಿಗೆ ಗಂಧರ್ವ ನಮ್ಮ ತಾಲ್ಲೂಕಿನವನೇ, ಚೌಳಹಿರಿಯೂರಿನ ಕಡೆಯವನು ಎಂದು ಗೊತ್ತಾಯಿತು. ಕೂಡಲೇ ಸನ್ಮಾನದ ಮಾತು ಎದ್ದಿತು. ಶಾಲು, ಹಾರ ಸಾಲದೆಂದರು. ನಡಿಗೆಗೆ ಹೆಸರಾದವನಲ್ಲವೇ, ಕಾಲಿಗೇ ಗೌರವ ಸಲ್ಲಬೇಕು, ಗಂಡಪೆಂಡೇರ ತೊಡಿಸಬೇಕು ಎಂದರು. ಹಿಂದೆ ವೀರರಿಗೆ, ವಿದ್ವಾಂಸರಿಗೆ ಕಾಲಿಗೆ ತೊಡಿಸುತ್ತಿದ್ದ ಕಡಗ ಅದು. ಬೆಳ್ಳಿಯಲ್ಲಿ ಮಾಡಿಸಿದರು. ಅಭಿನಂದನೆಯ ಭಾಷಣಕ್ಕೆ ಯಾರು? “ನಿಮ್ಮನೇಲೇ ಅವ್ರಲ್ಲಪ್ಪ. ಓದಿದೋನು ನೀನೇ ಮಾತಾಡು,” ಎಂದು ಮಂಡಿ ಸಾಹುಕಾರರು ಅಪ್ಪನ ಮುಂದೆಯೇ ನನಗೆ ವಹಿಸಿದರು.

ಅತ್ತಿಗೆ ಆ ದಿನಗಳಲ್ಲಿ ಒಂದು ಬಗೆಯ ಭಯದಲ್ಲಿದ್ದರು. ಸನ್ಮಾನಕ್ಕೆ ಅವರ ಅತ್ತೆ ಊರಿನಿಂದ ಬರುವವರಿದ್ದರು. ಮಗ ಬಣ್ಣ ಹಚ್ಚುವುದನ್ನು ಹೇಗೋ ಸಹಿಸಿಕೊಂಡಿದ್ದ ಆ ಮುದುಕಿ, ಸೊಸೆ ರಂಗದ ಮೇಲೆ ಕಾಲಿಡಬಾರದು ಎಂದು ಮದುವೆಯ ದಿನವೇ ವಚನ ತೆಗೆದುಕೊಂಡಿದ್ದರಂತೆ. “ಒಂದೇ ಮಾತಂದ್ರು ಕಣಪ್ಪ. ಬಣ್ಣ ಹಚ್ಚಲ್ಲ ಅಂದ್ರೆ ಒಳಗ್ ಬಾ, ಇಲ್ಲಾಂದ್ರೆ ಇಲ್ಲಿಂದ್ಲೇ ತಿರುಗ್ಕೊ ಅಂತ.” ಅದನ್ನು ನನಗೆ ನಗುತ್ತಲೇ ಹೇಳಿದ್ದರು.

ಭಾಷಣ ಬರೆಯಲು ನಾನು ಹಿತ್ತಿಲಲ್ಲಿ ಕುಳಿತರೆ, ಅವರು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಎದುರು ಕೂರುತ್ತಿದ್ದರು. ನಾನು ‘ಕಲಾಸರಸ್ವತಿಯ ವರಪುತ್ರ’ ಎಂದು ಶುರು ಮಾಡಿದ್ದೆ.

“ಇದೆಲ್ಲ ಎಲ್ಲಾರ್ಗೂ ಹೇಳ್ತಾರೆ. ಕಾಲಿನ ಬಗ್ಗೆ ಬರಿ.”

“ಬರೆದಿದ್ದೀನಲ್ಲ, ಹಂಸದ ನಡಿಗೆ ಅಂತ.”

“ಹಂಸ ವಾಲಾಡ್ಕೊಂಡು ನಡೆಯುತ್ತೆ ಕಣೋ, ನೋಡಿಲ್ವಾ ನೀನು? ಒಂಟಿಗಾಲಲ್ಲಿ ತಿರುಗೋದು ಬರಿ. ತಿರುಗಿದ್ರೂ ವೇಗ ಕಮ್ಮಿ ಆಗಲ್ಲ ಅಂತ ಬರಿ. ಭುಜ ಅಲ್ಲಾಡಲ್ಲ ಅಂತ. ಅಷ್ಟು ಚಿಕ್ಕ ಜಾಗದಲ್ಲಿ, ಕೆಟ್ಟ ಹಲಗೆ ಮೇಲೆ, ಕಾಲೇ ಕಾಣ್ದಂಗೆ ಮಾಡೋದು ಎಷ್ಟ್ ಕಷ್ಟ ಅಂತ ಬರಿ.”

ಬರೆದೆ. ಓದಿ ಹೇಳು ಎಂದರು. ಓದಿದೆ. ಇನ್ನೊಂದ್ಸಲ ಎಂದರು.

ಅದೊಂದು ಭಾನುವಾರದ ಮಧ್ಯಾಹ್ನದ ಆಟ. ತಗಡಿನ ಕೆಳಗೆ ಬೇಯುತ್ತಿದ್ದ ಜನ ಬೀಸಣಿಗೆ ಬೀಸುತ್ತಿದ್ದರು. ಮುಂದಿನ ಸಾಲಿನಲ್ಲಿ ಅಣ್ಣನ ತಾಯಿ, ಹಣೆಗೆ ವಿಭೂತಿ ಧರಿಸಿ. ಗಂಧರ್ವನ ವೇಷದಲ್ಲೇ ನಿಂತ ಅಣ್ಣನಿಗೆ ಶಾಲು ಹೊದಿಸಿದರು. ನಾನು ಮಾತಾಡಿದೆ. ಅತ್ತಿಗೆ ಹೆಂಗಸರ ಸಾಲಿನ ಕೊನೆಯಲ್ಲಿ ನನ್ನ ಅಮ್ಮನ ಪಕ್ಕ ನಿಂತಿದ್ದರು. ನಾನು ಒಂಟಿಗಾಲಿನ ತಿರುವಿನ ಬಗ್ಗೆ ಹೇಳುವಾಗ ಜನ ಚಪ್ಪಾಳೆ ತಟ್ಟಿದರು. ಅವರು ತಟ್ಟಲಿಲ್ಲ. ತಲೆ ತಗ್ಗಿಸಿ ಕೇಳುತ್ತಿದ್ದರು. ಗಂಡನ ಹೊಗಳಿಕೆಗೆ ನಾಚಿಕೆ ಎಂದುಕೊಂಡೆ. ಆಮೇಲೆ ಸಾಹುಕಾರರು, ಎಪ್ಪತ್ತು ದಾಟಿದ ಹಿರಿಯರು, ಬಗ್ಗಿ ಕುಳಿತು ಅಣ್ಣನ ಬಲಗಾಲಿಗೆ ಬೆಳ್ಳಿಯ ಕಡಗ ತೊಡಿಸಿದರು. ಅಣ್ಣನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ತಿರುಗಿ ನೋಡಿದಾಗ ಅತ್ತಿಗೆ ಅಲ್ಲಿರಲಿಲ್ಲ.

ನಾಟಕ ಶುರುವಾಯಿತು. ನನಗೆ ಸೆಕೆಗೆ, ಸಂತೋಷಕ್ಕೆ ಬಾಯಿ ಒಣಗಿತ್ತು. ನೀರು ಕುಡಿಯಲೆಂದು ಥಿಯೇಟರಿನ ಹಿಂಭಾಗಕ್ಕೆ ಹೋದೆ. ಅಲ್ಲಿ ಬೇವಿನ ಮರದ ಕೆಳಗೆ, ಕಲ್ಲಿನ ಮೇಲೆ, ಗಂಧರ್ವ ಕುಳಿತು ಬೀಡಿ ಸೇದುತ್ತಿದ್ದ. ಕಿರೀಟ ತೊಡೆಯ ಮೇಲಿತ್ತು. ನಿಲುವಂಗಿಯನ್ನು ಸೆಕೆಗೆ ಮೊಣಕಾಲಿನವರೆಗೆ ಎತ್ತಿಕೊಂಡಿದ್ದ. ಬರಿಗಾಲು. ಕಾಲಲ್ಲಿ ಬೆಳ್ಳಿಯ ಕಡಗ ಬಿಸಿಲಿಗೆ ಹೊಳೆಯುತ್ತಿತ್ತು.

ಒಳಗೆ ಹಾರ್ಮೋನಿಯಂ ಆ ಧಾಟಿಯನ್ನೇ ಸುತ್ತಿ ಸುತ್ತಿ ನುಡಿಯುತ್ತಿತ್ತು. ಜನ ಸಿಳ್ಳೆ ಹಾಕುತ್ತಿದ್ದರು. “ಗಂಧರ್ವಾ!” ಎಂದು ಯಾರೋ ಕೂಗಿದರು.

ದೃಶ್ಯ ಮುಗಿದಿರಬೇಕು ಎಂದುಕೊಂಡೆ. ಮುಗಿದಿರಲಿಲ್ಲ. ಅಣ್ಣ ನನ್ನನ್ನು ಕಂಡು ಬೀಡಿ ಬಿಸಾಡಿ ಎದ್ದರು. “ಲೇ, ಒಳಗ್ ಹೋಗ್ಬೇಡ ಕಣೋ,” ಎಂದರು. ಅಲ್ಲಿಯವರೆಗೆ ನನ್ನನ್ನು ಲೇ ಎಂದಿರಲಿಲ್ಲ. ನಾನು ಪಕ್ಕದ ಪರದೆ ಸರಿಸಿ ಒಳಗೆ ಹೋದೆ. ಬಿಸಿಲಿನಿಂದ ಹೋದವನಿಗೆ ಮೊದಲು ಬರೀ ಕತ್ತಲೆ. ಆಮೇಲೆ ಹೊಗೆಯೊಳಗಿಂದ ಬೆನ್ನು ಮುಂದಾಗಿ ಗಂಧರ್ವ ತೇಲಿ ಬಂದು, ಒಂದು ಕೈಯಲ್ಲಿ ಕಂಬ ಹಿಡಿದು ನಿಂತು, ಬಟ್ಟೆಯ ಪೆಟ್ಟಿಗೆಯ ಮೇಲೆ ಕುಸಿದು, ಏದುಸಿರು ಬಿಡುತ್ತ ಸ್ಕೇಟಿನ ದಾರ ಬಿಚ್ಚತೊಡಗಿದ. ಬೆವರು ಬಣ್ಣದ ಮೇಲೆ ಗೆರೆ ಎಳೆದಿತ್ತು. ಮೀಸೆಯ ಒಂದು ತುದಿ ಕಿತ್ತು ಜೋತಾಡುತ್ತಿತ್ತು. ತಲೆ ಎತ್ತಿದಾಗ ಅತ್ತಿಗೆ.

“ಸರಿ ಆಚೆ, ನಿಮ್ಮಣ್ಣ ಬರ್ಬೇಕು,” ಎಂದರು. ಅಷ್ಟೇ. ಅಣ್ಣ ಕಿರೀಟ ಸರಿಮಾಡಿಕೊಳ್ಳುತ್ತ ನನ್ನನ್ನು ದಾಟಿ ರಂಗಕ್ಕೆ ಓಡಿದರು. ಚಪ್ಪಾಳೆ ಮುಗಿಲು ಮುಟ್ಟಿತು.

ಮಾರನೆಯ ಬೆಳಿಗ್ಗೆ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದವರನ್ನು ಹಿಡಿದೆ. ರಾತ್ರಿಯೆಲ್ಲ ಕುದ್ದಿದ್ದೆ.

“ನನ್ನ ಬಾಯಲ್ಲಿ ಸುಳ್ಳು ಹೇಳಿಸಿಬಿಟ್ರಲ್ಲ ಅತ್ತಿಗೆ, ಅಷ್ಟು ಜನರ ಮುಂದೆ.”

“ಯಾವ್ದಪ್ಪ ಸುಳ್ಳು? ತಿರುಗಿದ್ರೂ ವೇಗ ಕಮ್ಮಿ ಆಗಲ್ಲ ಅಂದೆ. ಆಗುತ್ತಾ?”

“ಇವರ ಕಾಲು ಅಂದೆನಲ್ಲ!”

“ಅದೊಂದ್ ಮಾತು ನೀನೇ ಸೇರಿಸ್ದೆ. ನಾನು ಹೇಳ್ಕೊಟ್ಟಿದ್ದಲ್ಲ.”

“ಕಡಗ ಅವರ ಕಾಲಿಗೆ ಬಿತ್ತಲ್ಲ,” ಎಂದೆ.

“ಬೀಳ್ಲಿ ಬಿಡು. ಮಾತು ನನ್ ಕಿವಿಗೆ ಬಿತ್ತಲ್ಲ.” ಒದ್ದೆ ಸೀರೆಯನ್ನು ಕೊಡವಿ ಹಗ್ಗಕ್ಕೆ ಎಸೆದರು. “ಇಷ್ಟ್ ವರ್ಷ ತೇಲಿದ್ದೀನಿ. ನನ್ನೆದುರ್ಗೆ ನನ್ ಕಾಲಿನ ಬಗ್ಗೆ ಯಾರೂ ಒಂದ್ ಮಾತಾಡಿರ್ಲಿಲ್ಲ ಕಣಪ್ಪ.”

ಈಗ ಈ ಮಾತು ಕೇಳಿದರೆ ಓದುವವರಿಗೆ ಕನಿಕರ ಹುಟ್ಟಬಹುದು. ನನಗೆ ಆಗ ಹುಟ್ಟಿದ್ದು ಸಿಟ್ಟು. ಅಷ್ಟೂ ದಿನ ಆ ಕಟ್ಟೆಯ ಮೇಲೆ ನಾವು ಸ್ನೇಹಿತರೆಂದು ತಿಳಿದಿದ್ದೆ. ಮೀನಿನ ಆಕಾರ, ಮೇಣದ ಗುಟ್ಟು, ಎಲ್ಲವನ್ನೂ ನಂಬಿ ಹೇಳುತ್ತಿದ್ದಾರೆಂದು ತಿಳಿದಿದ್ದೆ. ಹೇಳಬೇಕಾದ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದರು. ತನ್ನ ಹೊಗಳಿಕೆ ತಾನು ಕೇಳಿಸಿಕೊಳ್ಳಲು ಒಂದು ಗಂಟಲು ಬೇಕಿತ್ತು. ಓದಿದ ಗಂಟಲು. ಅದು ನಾನಾಗಿದ್ದೆ.

“ಅತ್ತೆ ಕಿವಿಗೆ ಬಿದ್ರೆ ಆ ಮನೆ ಬಾಗ್ಲು ನಂಗೆ ಮುಚ್ಚೋಯ್ತು,” ಎಂದರು ಆಮೇಲೆ ದನಿ ತಗ್ಗಿಸಿ. “ಅವ್ರಿರೋವರ್ಗೂ ಆಗಲ್ಲ. ಆಮೇಲೆ ನಾನೇ ಹೇಳ್ತೀನಿ. ನಿನ್ನನ್ನ ಕೂರಿಸ್ಕೊಂಡೇ ಹೇಳ್ತೀನಿ. ನೋಡಿದೋನು ನೀನೊಬ್ನೇ ಅಲ್ವಾ. ಸಾಕ್ಷಿ ಬೇಕಲ್ಲ.”

ಆ ಮಾತು ನನ್ನನ್ನು ಕಟ್ಟಿಹಾಕಿತು. ಯಾರಿಗೂ ಹೇಳಲಿಲ್ಲ, ಅಮ್ಮನಿಗೂ. ಕೆಲವು ದಿನಗಳಲ್ಲಿ ಕಂಪನಿ ತರೀಕೆರೆಗೆ ಹೋಯಿತು. ನನಗೆ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದೆ.

ಎಂಬತ್ತರ ದಶಕದ ನಡುವಿನಲ್ಲಿ ವರ್ಗವಾಗಿ ತರೀಕೆರೆಯ ಕಾಲೇಜಿಗೆ ಬಂದೆ. ಅಷ್ಟು ಹೊತ್ತಿಗೆ ವಿಡಿಯೋ ಬಂದು ಕಂಪನಿಗಳು ಮುಚ್ಚಿದ್ದವು. ಗಂಧರ್ವರು ಅಜ್ಜಂಪುರದಲ್ಲಿ ಮನೆ ಮಾಡಿ, ಹಳ್ಳಿಯ ಹುಡುಗರಿಗೆ ನಾಟಕ ಕಲಿಸುವ ಮೇಷ್ಟ್ರಾಗಿದ್ದಾರೆಂದು ಕೇಳಿ ಒಂದು ಭಾನುವಾರ ಹೋದೆ. ಹಜಾರದ ಗೋಡೆಯ ಮೇಲೆ ಅವರ ತಾಯಿಯ ಪಟಕ್ಕೆ ಹಾರ ಹಾಕಿತ್ತು. ತೀರಿಕೊಂಡು ಎರಡು ವರ್ಷವಾಯಿತೆಂದರು. ಅದನ್ನು ಕೇಳಿದೊಡನೆ ನನ್ನ ಎದೆ ಹೊಡೆದುಕೊಂಡಿತು ಎಂದು ಒಪ್ಪಿಕೊಳ್ಳುತ್ತೇನೆ. ಸಾವಿನ ಸುದ್ದಿಗೆ ಹಾಗಾಗಬಾರದು.

ನಾಟಕ ಕಲಿಯಲು ಬಂದಿದ್ದ ಹುಡುಗರು ಚಾಪೆಯ ಮೇಲೆ ಕುಳಿತಿದ್ದರು. ಅಣ್ಣ ನನ್ನನ್ನು ತೋರಿಸಿ, “ಇವ್ರನ್ನೇ ಕೇಳ್ರೋ, ಕಡೂರಲ್ಲಿ ನಾನು ಹೆಂಗೆ ತೇಲ್ತಿದ್ದೆ ಅಂತ,” ಎಂದರು. ಆಮೇಲೆ ಅವರೇ ಹೇಳತೊಡಗಿದರು. ಪಾದ ಎತ್ತಬಾರದು, ಎತ್ತಿದರೆ ಮನುಷ್ಯ. ಸೊಂಟ ಮೊದಲು ತಿರುಗಬಾರದು. ವೇಗ ಕಡಿಮೆಯಾಗಬಾರದು. ಒಂದೊಂದು ಮಾತೂ ಹಿತ್ತಿಲ ಕಟ್ಟೆಯದು. ಅವರು ಸುಳ್ಳು ಹೇಳುತ್ತಿರುವಂತೆ ಕಾಣಲಿಲ್ಲ… ಅದೇ ನನ್ನನ್ನು ಹೆದರಿಸಿತು. ತಾವೇ ತೇಲಿದ್ದೆಂದು ನಂಬಿಬಿಟ್ಟಿದ್ದರು.

ಅತ್ತಿಗೆ ಕಾಫಿ ತಂದರು. ಕೊಂಚ ದಪ್ಪಗಾಗಿದ್ದರು. ಸೆರಗು ಹಿಡಿದು ಪುಟ್ಟ ಮಗಳೊಬ್ಬಳು ಹಿಂದೆ ಬಂದಳು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾರೆ, ಈಗ… ಅವರು ಲೋಟ ಇಟ್ಟು, ಹುಡುಗರ ಕಡೆ ತಿರುಗಿ ಹೇಳಿದರು:

“ಆ ಕಾಲ್ಗೆಲಸ ಇನ್ನೊಬ್ರಿಗೆ ಬರಲ್ಲ ಬಿಡ್ರಪ್ಪ. ಇವ್ರ ಕಾಲೇ ಕಾಲು.”

ಹೊರಟಾಗ ಓಣಿಯ ತಿರುವಿನವರೆಗೆ ಬಂದರು. ಸುತ್ತ ಯಾರೂ ಇರಲಿಲ್ಲ.

“ನಿಮ್ಮತ್ತೆ ಹೋದ್ರು. ಇನ್ನು ಯಾರ ಭಯ?” ಎಂದೆ.

“ಏನ್ ಭಯ?”

“ಹೇಳ್ತೀನಿ ಅಂದಿದ್ರಿ. ನನ್ನನ್ನು ಕೂರಿಸಿಕೊಂಡು.”

“ಏನು ಹೇಳೋದಪ್ಪ?” ನಿಜಕ್ಕೂ ಅರ್ಥವಾಗದವರ ಹಾಗೆ ನೋಡಿದರು.

“ಅವರ ಮುಂದೆ ಬೇಡ. ನನಗೊಬ್ಬನಿಗೆ ಹೇಳಿ ಸಾಕು. ತೇಲುತ್ತಿದ್ದವರು ನೀವು ಅಂತ.”

“ನಾನಾ?” ನಕ್ಕರು. “ನಾನೆಲ್ಲಿ ಗಾಲಿ ಕಟ್ಟಿದ್ದೆ? ಎಣ್ಣೆ ಹಾಕ್ತಿದ್ದೆ, ಅಷ್ಟೇ.”

“ಪೆಟ್ಟಿಗೆಯ ಮೇಲೆ ಕೂತಿದ್ದು ಯಾರು ಅತ್ತಿಗೆ? ನಾನು ಕಣ್ಣಾರೆ ನೋಡಿದ್ದೀನಿ.”

“ಬಿಸಿಲಿಂದ ಕತ್ಲೆಗೆ ಬಂದೋನ ಕಣ್ಣಿಗೆ ಏನೇನೋ ಕಾಣುತ್ತೆ. ನೀನೇ ಹೇಳ್ತಿದ್ಯಲ್ಲ, ಕಣ್ಣು ನಂಬ್ಬೇಡಿ, ಪುರಾವೆ ಕೇಳಿ ಅಂತ.” ಸೆರಗು ಸರಿಮಾಡಿಕೊಂಡರು. “ಬಸ್ಸಿಗೆ ಹೊತ್ತಾಯ್ತು, ಹೋಗಿ ಬಾ. ಅಮ್ಮನ್ನ ಕೇಳ್ದೆ ಅನ್ನು.”

ಅವರು ತಿರುಗಿ ನಡೆದು ಹೋದರು. ಎಲ್ಲರ ಹಾಗೆ ಕಾಲೆತ್ತಿ ಇಡುತ್ತ.

ಮೊದಲ ಮೋಸಕ್ಕೆ ಕಾರಣವಿತ್ತು. ಅತ್ತೆ ಇದ್ದರು, ಬಾಗಿಲಿತ್ತು. ಎರಡನೆಯದಕ್ಕೆ ನಾನು ಇಂದಿಗೂ ಕಾರಣ ಹುಡುಕುತ್ತಿದ್ದೇನೆ. ಗಂಡನ ನಂಬಿಕೆ ಒಡೆಯಬಾರದೆಂದೇ? ಹಾಗಾದರೆ ಓಣಿಯ ತಿರುವಿನಲ್ಲಿ, ಯಾರೂ ಇಲ್ಲದಾಗ, ಬರೀ ತಲೆಯಾಡಿಸಿದ್ದರೂ ಸಾಕಿತ್ತು. ನನಗೆ ಅವರ ಗುಟ್ಟು ಬೇಕಿರಲಿಲ್ಲ. ನನ್ನ ಕಣ್ಣು ನನಗೆ ವಾಪಸು ಬೇಕಿತ್ತು. ಅಂದಿನಿಂದ ಕಡೂರಿನ ಆ ಭಾನುವಾರವನ್ನು ಎಷ್ಟು ಸಲ ತಿರುವಿ ನೋಡಿದ್ದೇನೋ. ಪೆಟ್ಟಿಗೆಯ ಮೇಲೆ ಕೂತವರು ಕಂಪನಿಯ ಯಾರೋ ಹುಡುಗನಾಗಿರಬಹುದು, ಮುಖವನ್ನು ನಾನು ಆಮೇಲೆ ಅಂಟಿಸಿರಬಹುದು. ಜೋತಾಡುವ ಮೀಸೆ ಬೇರೆ ಯಾವುದೋ ನಾಟಕದ್ದಿರಬಹುದು. ಹಿತ್ತಿಲ ಮಾತುಕತೆಯನ್ನೂ ನಾನೇ ಕಟ್ಟಿಕೊಂಡೆನೇ? ಮನುಷ್ಯರು ಇಡೀ ಸಂಭಾಷಣೆಗಳನ್ನು ಹೀಗೆ ಕಟ್ಟಿಕೊಳ್ಳುತ್ತಾರೆಂದು ಓದಿದ್ದೇನೆ. ‘ಅದೊಂದ್ ಮಾತು ನೀನೇ ಸೇರಿಸ್ದೆ’ ಎನ್ನುವ ಚುರುಕು ನನ್ನದಲ್ಲ ಎಂಬುದೊಂದೇ ನನ್ನ ಆಧಾರ. ನ್ಯಾಯಾಲಯದಲ್ಲಿ ನಿಲ್ಲುವಂಥದ್ದಲ್ಲ.

ಮತ್ತೆ ಆ ಮನೆಗೆ ಹೋಗಲಿಲ್ಲ. ಹೋದ ತಿಂಗಳು, ಚೀಲ ಹೊಲಿದುಕೊಟ್ಟ ದರ್ಜಿಯನ್ನು ಕೇಳಿದೆ. “ನಾಟಕದ ಮೇಷ್ಟ್ರ ಮನೇನಾ ಸಾರ್? ಮೇಷ್ಟ್ರು ಹೋಗಿ ಬಾಳ ವರ್ಷ ಆಯ್ತು. ಮಗಳಿದ್ದಾಳೆ,” ಎಂದು ದಾರಿ ತೋರಿಸಿದ. ತಾಲ್ಲೂಕು ಕಚೇರಿಯನ್ನು ಮರೆತು ಆ ದಾರಿ ಹಿಡಿದೆ.

ಬಾಗಿಲು ತೆರೆದವಳು ನಲವತ್ತು ದಾಟಿದ ಹೆಂಗಸು. ನಾನು ಕಡೂರು ಎನ್ನುತ್ತಲೇ ಮುಖ ಅರಳಿಸಿದಳು.

“ನೀವಾ ಸಾರ್? ಅಮ್ಮ ನಿಮ್ಮನ್ನ ನೆನೆಸ್ಕೊಳ್ತಿದ್ರು. ಓದಿದ ಹುಡುಗ ಒಬ್ಬ ಅಪ್ಪನ ಕಾಲಿನ ಬಗ್ಗೆ ಏನ್ ಚೆನ್ನಾಗಿ ಮಾತಾಡ್ದ ಅಂತ. ಆ ಮಾತೆಲ್ಲ ಬಾಯಲ್ಲೇ ಇತ್ತು ಅವ್ರಿಗೆ. ಹೋದ ವರ್ಷ ತೀರ್ಕೊಂಡ್ರು.”

ಒಳಗೆ ಕರೆದು ಕೂರಿಸಿದಳು. ಗಂಡ ಹೆಂಡತಿಯ ಪಟಗಳು ಪಕ್ಕಪಕ್ಕದಲ್ಲಿದ್ದವು. ಅಣ್ಣನದು ಗಂಧರ್ವನ ವೇಷದಲ್ಲಿ. ಅತ್ತಿಗೆಯದು ರೇಷನ್ ಕಾರ್ಡಿಗೆ ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದು.

ನಾನು ಹೇಳಿಬಿಟ್ಟೆ. ಅದು ನಿಮ್ಮಪ್ಪನ ಕಾಲಲ್ಲ, ನಿಮ್ಮಮ್ಮನದು ಎಂದೆ. ಬೇವಿನ ಮರ, ಬೀಡಿ, ಪೆಟ್ಟಿಗೆ, ಎಲ್ಲ ಹೇಳಿದೆ. ಅವಳು ಮೊದಲು ನಕ್ಕಳು. “ಅಮ್ಮಂದಾ? ಬಚ್ಚಲ ಕಲ್ಲು ಒದ್ದೆ ಇದ್ರೆ ನನ್ ಕೈ ಹಿಡ್ಕೊಳೋರು ಸಾರ್ ಅಮ್ಮ.” ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ತುಂಬ ಹೊತ್ತು ಎರಡು ಪಟಗಳನ್ನೂ ನೋಡಿದಳು. ಒಂದು ಕ್ಷಣ ಅವಳ ಮುಖದಲ್ಲಿ ಆಸೆಯಂಥದ್ದೇನೋ ಸುಳಿಯಿತು. ಇರಬಹುದೇ ಎನ್ನುವ ಆಸೆ.

“ಅಮ್ಮ ಇದ್ದಾಗ್ಲೇ ಬರ್ಬೇಕಿತ್ತು ಸಾರ್ ನೀವು. ಈಗ ನಾನು ಯಾರನ್ನ ಕೇಳ್ಲಿ?”

“ನಾನು ಕೇಳಿದ್ದೆ,” ಎಂದೆ.

“ಏನಂದ್ರು?”

ಸುಳ್ಳು ಹೇಳಬಹುದಿತ್ತು. ಹೌದು ಅಂದರು ಎಂದಿದ್ದರೆ ಆ ಮನೆಯಲ್ಲಿ ಆ ಕಾಲುಗಳಿಗೆ ಅಂದೇ ಅವುಗಳ ಒಡತಿ ಸಿಗುತ್ತಿದ್ದಳು. ಬಾಯಿ ಬರಲಿಲ್ಲ.

“ಇಲ್ಲ ಅಂದ್ರು.”

“ನೋಡಿ ಮತ್ತೆ,” ಎಂದಳು ಮಗಳು. ಅವಳ ಭುಜ ಹಗುರಾದದ್ದು ನನಗೆ ಕಂಡಿತು. “ಅಮ್ಮ ಯಾಕೆ ಸುಳ್ಳು ಹೇಳ್ತಾರೆ ಸಾರ್? ಇರಿ, ಕಾಫಿ ತರ್ತೀನಿ.”